ಕನಿಷ್ಠ ಶಿಕ್ಷೆಯ ಗೆರೆ ಮತ್ತು ಅರಿವಿನ ಸ್ವಾಧೀನ: ಅಕ್ರಮ ಶಸ್ತ್ರಾಸ್ತ್ರ ಪ್ರಕರಣಗಳ ಮೇಲ್ಮನವಿ ಕುರಿತು

ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಂಡು ಶಿಕ್ಷೆಗೊಳಗಾದವರು ಮೇಲ್ಮನವಿಯಲ್ಲಿ ಕನಿಕರ ಬೇಡುವುದು ಸಹಜ: ಇದು ಮೊದಲ ಅಪರಾಧ, ಮನೆಯಲ್ಲಿ ದುಡಿಯುವ ಕೈ ಇದೊಂದೇ, ವಿಚಾರಣೆಯಲ್ಲೇ ವರ್ಷಗಳು ಕಳೆದಿವೆ. ಆದರೆ ಶಾಸನವೇ ಕನಿಷ್ಠ ಶಿಕ್ಷೆಯನ್ನು ಗೊತ್ತುಮಾಡಿರುವ ಕಡೆ ಈ ವಾದ ಹೆಚ್ಚು ದೂರ ಸಾಗದು. ಸಂಜಯ್ ದತ್ ಪ್ರಕರಣ ಇದಕ್ಕೆ ನಿದರ್ಶನ.

1993ರ ಮುಂಬೈ ಸ್ಫೋಟಗಳ ಮೊಕದ್ದಮೆಯಲ್ಲಿ ಭಯೋತ್ಪಾದನೆ ತಡೆಯ ವಿಶೇಷ ಕಾಯ್ದೆಯಾದ ಟಾಡಾದಡಿಯ ನ್ಯಾಯಾಲಯ ದತ್ ಅವರನ್ನು ಭಯೋತ್ಪಾದನೆಯ ಆರೋಪದಿಂದ ಬಿಡುಗಡೆ ಮಾಡಿತಾದರೂ 2007ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಡಿ 6 ವರ್ಷಗಳ ಶಿಕ್ಷೆ ವಿಧಿಸಿತು. ಟಾಡಾದ 19ನೇ ಕಲಮಿನಂತೆ ಮೇಲ್ಮನವಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. 2013ರ ಮಾರ್ಚ್ 21ರಂದು ಶಿಕ್ಷೆ 5 ವರ್ಷಕ್ಕಿಳಿಯಿತು. ಪ್ರೊಬೇಷನ್ ಕೋರಿಕೆ ತಿರಸ್ಕೃತವಾಯಿತು. ನಿಷೇಧಿತ ಶಸ್ತ್ರಕ್ಕೆ 25(1ಎ) ಕಲಮು ಅಂದು ಗೊತ್ತುಮಾಡಿದ್ದ ಕನಿಷ್ಠ ಅವಧಿಯೂ 5 ವರ್ಷವೇ.

ಸಾಕ್ಷ್ಯದ ಕಡೆ ನೋಡಿದರೆ ಈ ಪ್ರಕರಣ ಇನ್ನೂ ಹೆಚ್ಚಿನ ಗಮನ ಬೇಡುತ್ತದೆ. ದತ್ ಇಟ್ಟುಕೊಂಡಿದ್ದ ಎಕೆ-56 ರೈಫಲ್ ಇಡಿಯಾಗಿ ನ್ಯಾಯಾಲಯದ ಮುಂದೆ ಬರಲೇ ಇಲ್ಲ. ಅದನ್ನು ನಾಶಪಡಿಸಲಾಗಿತ್ತು, ಸಿಕ್ಕಿದ್ದು ಒಂದು ಸ್ಪ್ರಿಂಗ್ ಮತ್ತು ಒಂದು ಸರಳು. ಉಳಿದ ಕೊಂಡಿಯನ್ನು ಬೆಸೆದದ್ದು ಮುಖ್ಯವಾಗಿ ತಪ್ಪೊಪ್ಪಿಗೆಗಳು. ದತ್ ತಮ್ಮ ಹೇಳಿಕೆಯನ್ನು ಮುಂದೆ ಹಿಂತೆಗೆದುಕೊಂಡರೂ ನ್ಯಾಯಾಲಯ ಅದನ್ನು ನಂಬಿತು. ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿಸಿದ್ದು ಟಾಡಾದ ವಿಶೇಷ ನಿಯಮ. ಸಾಮಾನ್ಯ ಶಸ್ತ್ರಾಸ್ತ್ರ ಮೊಕದ್ದಮೆಯಲ್ಲಿ ಅಂಥ ಆಸರೆ ಪ್ರಾಸಿಕ್ಯೂಷನ್‌ಗೆ ಇಲ್ಲ. ಅಲ್ಲಿ ಮಹಜರು, ಪಂಚರು, ಮುದ್ದೆಮಾಲಿನ ಮೇಲಿನ ಮೊಹರು, ಪ್ರಯೋಗಾಲಯದ ವರದಿ, ಇವೇ ಮೊಕದ್ದಮೆಯ ಆಧಾರ.

ಆದ್ದರಿಂದ ಮೇಲ್ಮನವಿಯ ಮೊದಲ ಪ್ರಶ್ನೆ ಸ್ವಾಧೀನದ್ದಾಗಬೇಕು ಎಂಬುದು ನನ್ನ ವಾದ. ಸ್ವಾಧೀನಕ್ಕೆ ಬಂದೂಕು ಕೈಯಲ್ಲೇ ಇರಬೇಕಾಗಿಲ್ಲ, ಆದರೆ ಅದು ಇರುವ ಅರಿವೂ ಅದರ ಮೇಲೆ ಹಿಡಿತವೂ ಇರಬೇಕು ಎಂದು ಸುಪ್ರೀಂ ಕೋರ್ಟು 1972ರ ಗುಣವಂತ್‌ಲಾಲ್ ತೀರ್ಪಿನಲ್ಲಿ ಹೇಳಿತು. ದತ್ ಅವರದೇ ಇನ್ನೊಂದು ಅರ್ಜಿಯಲ್ಲಿ 1994ರ ಸಂವಿಧಾನ ಪೀಠ ಟಾಡಾದಡಿಯೂ ಅರಿವಿನ ಸ್ವಾಧೀನ ಅಗತ್ಯವೆಂದಿತು. ಮಲೆನಾಡಿನ ಕೂಡುಮನೆಯೊಂದರ ಅಟ್ಟದಲ್ಲಿ ಹಳೆಯ ಕೇಪಿನ ಕೋವಿ ಸಿಕ್ಕಿತೆನ್ನಿ. ಮನೆಯ ಯಜಮಾನನೆಂಬ ಒಂದೇ ಕಾರಣಕ್ಕೆ ಆತ ಅಪರಾಧಿಯಾಗಲಾರ. ಅಟ್ಟಕ್ಕೆ ಯಾರು ಹತ್ತುತ್ತಿದ್ದರು, ಬೀಗದ ಕೈ ಯಾರ ಬಳಿ ಇತ್ತು ಎಂಬುದನ್ನು ತನಿಖಾಧಿಕಾರಿ ಕೇಳಿದ್ದಾರೆಯೇ? ಮೇಲ್ಮನವಿ ನ್ಯಾಯಾಲಯ ಇದನ್ನು ಹೊಸದಾಗಿ ತೂಗಿ ನೋಡಬಲ್ಲದು, ನೋಡಲೇಬೇಕು.

2019ರ ತಿದ್ದುಪಡಿಯ ನಂತರ ಇದು ಇನ್ನೂ ಮುಖ್ಯ. ಸಾಮಾನ್ಯ ಬಂದೂಕಿಗೆ 25(1ಬಿ) ಕಲಮಿನ ಕನಿಷ್ಠ ಶಿಕ್ಷೆ 1 ವರ್ಷದಿಂದ 2ಕ್ಕೆ, ಗರಿಷ್ಠ 3ರಿಂದ 5ಕ್ಕೆ ಏರಿದೆ. ಕೃತ್ಯ ತಿದ್ದುಪಡಿಗೆ ಮುಂಚಿನದಾದರೆ ಸಂವಿಧಾನದ 20(1)ನೇ ವಿಧಿಯಂತೆ ಹೆಚ್ಚಿನ ಶಿಕ್ಷೆ ಅನ್ವಯಿಸದು. ವಿಶೇಷ ಕಾರಣಗಳನ್ನು ತೀರ್ಪಿನಲ್ಲಿ ಬರೆದು ಕನಿಷ್ಠಕ್ಕಿಂತ ಕಡಿಮೆ ಶಿಕ್ಷೆ ಕೊಡಲು ಅದೇ ಕಲಮಿನ ಪರಂತುಕ ಅವಕಾಶ ನೀಡಿದೆ. ಬರಿಯ ಬಡತನದ ಮಾತು ಅದಕ್ಕೆ ಸಾಲದು.

ಮ್ಯಾಜಿಸ್ಟ್ರೇಟರ ತೀರ್ಪಿನ ವಿರುದ್ಧ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಲು 30 ದಿನಗಳ ಗಡುವಿದೆ. ಮೇಲ್ಮನವಿ ಹಾಕಿದರೆ ಶಿಕ್ಷೆ ಇನ್ನೂ ಹೆಚ್ಚೀತೆಂದು ಹಿಂಜರಿಯುವವರಿದ್ದಾರೆ. ಆರೋಪಿಯ ಮೇಲ್ಮನವಿಯಲ್ಲಿ ಶಿಕ್ಷೆ ಹೆಚ್ಚಿಸುವ ಅಧಿಕಾರವನ್ನು ನಾಗರಿಕ ಸುರಕ್ಷಾ ಸಂಹಿತೆಯ 427ನೇ ಕಲಮು ಕೊಟ್ಟಿಲ್ಲ. ಅದಕ್ಕೆ ಸರ್ಕಾರವೇ ಪ್ರತ್ಯೇಕ ಮೇಲ್ಮನವಿ ಸಲ್ಲಿಸಬೇಕು. ಇದನ್ನು ಕಕ್ಷಿದಾರರಿಗೆ ಗಡುವಿನೊಳಗೆ ತಿಳಿಸುವುದು ವಕೀಲರ ಹೊಣೆ.