ಸುರಪುರದ ಗುರು-ಶಿಷ್ಯರು
ತರಗತಿಯಲ್ಲಿ ಸದ್ದಡಗಿದರೆ ಶಿಸ್ತು ಬಂದಂತೆಯೇ? ವಾಚಕರೇ, ಯಾದಗಿರಿ ಸೀಮೆಯ ಸುರಪುರದ ಸಂಗತಿಯೊಂದನ್ನು ಕೇಳಿ.

1842ರಲ್ಲಿ ಅರಸ ಕೃಷ್ಣಪ್ಪ ನಾಯಕನು ತೀರಿಕೊಂಡನು. ಬಾಲಕ ವೆಂಕಟಪ್ಪ ನಾಯಕನ ವಿದ್ಯಾಭ್ಯಾಸವನ್ನು ಆಂಗ್ಲ ಅಧಿಕಾರಿ ಮೆಡೋಸ್ ಟೇಲರನು ನೋಡಿಕೊಂಡನು. ಹುಡುಗ ಅವನನ್ನು 'ಅಪ್ಪ' ಎಂದೇ ಕರೆಯುತ್ತಿದ್ದನು. 1853ರಲ್ಲಿ ರಾಜ್ಯಭಾರ ಶಿಷ್ಯನ ಕೈಸೇರಿತು. 1858ರಲ್ಲಿ ಆತನೇ ಆಂಗ್ಲರ ವಿರುದ್ಧ ಬಂಡೆದ್ದು ಸಿಕಂದರಾಬಾದಿನಲ್ಲಿ ಸೆರೆಯಾದನು. ಟೇಲರನು ಅಲ್ಲಿಗೆ ಹೋಗಿ, ಪ್ರೇರೇಪಿಸಿದವರು ಯಾರೆಂದು ವಿಚಾರಿಸಿದನು. ಶಿಷ್ಯನು ಸಂಗಡಿಗರಿಗೆ ದ್ರೋಹ ಬಗೆಯಲಿಲ್ಲ. 'ಅಪ್ಪ' ಎಂಬ ಕರೆಯನ್ನೂ ಬಿಡಲಿಲ್ಲ.

ಮಾತು ಕೇಳಲಿಲ್ಲವೆಂದು ಆ ಗುರು ಸೋತನೆನ್ನೋಣವೇ? ಅಂಜಿಕೆಯ ಮೌನ ಬೆತ್ತ ಕಾಣುವವರೆಗೆ ಮಾತ್ರ. ನಂಬಿಕೆ ಸೆರೆಮನೆಯಲ್ಲೂ ಉಳಿಯಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿತು. ಬೆತ್ತ ತೆರವುಗೊಳಿಸಿದ ಜಾಗವನ್ನು ತುಂಬಬೇಕಾದುದು ಈ ನಂಬಿಕೆಯೇ.