ಮೋರಿಯರ ಮನೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿಗೆ ತಾವು ಹೋಗಿದ್ದರೆ ರೇಷ್ಮೆ ಸೀರೆ ಕೊಂಡು ಹಿಂದಿರುಗಿರುತ್ತೀರಿ. ಮುಂದಿನ ಸಲ ಅದೇ ತಾಲ್ಲೂಕಿನ ಸಿದ್ದಾಪುರದ ಬಳಿ ಬ್ರಹ್ಮಗಿರಿಯ ತಪ್ಪಲಿಗೂ ಹೋಗಿಬನ್ನಿ. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನ ಅಲ್ಲಿದೆ. ಹೋದವರು ಅದನ್ನು ನೋಡಿ ಬರುವುದು ವಾಡಿಕೆ. ಆದರೆ ಹತ್ತಿರದ ಬಯಲಿನಲ್ಲಿ ಗುಂಡುಗಲ್ಲುಗಳನ್ನು ಬಳೆಯಂತೆ ದುಂಡಗೆ ಇಟ್ಟಿರುವುದನ್ನೂ ತಾವು ನೋಡಬೇಕು.

ಇಂಥವನ್ನು ನಮ್ಮ ಹಳ್ಳಿಗಳಲ್ಲಿ ಪಾಂಡವರ ಮನೆ ಎನ್ನುವುದುಂಟು, ಮೋರಿಯರ ಮನೆ ಎನ್ನುವುದೂ ಉಂಟು. ಮೋರಿಯರು ಬಹಳ ಕುಳ್ಳ ಜನರಂತೆ! ಕಥೆ ಹೇಗಾದರೂ ಇರಲಿ, ಮನೆಯೆಂಬ ಮಾತು ಮಾತ್ರ ಪೂರ್ತಿ ಸುಳ್ಳಲ್ಲ.

1947ರಲ್ಲಿ ಪುರಾತತ್ತ್ವ ಇಲಾಖೆಯ ಮಾರ್ಟಿಮರ್ ವ್ಹೀಲರ್ ಅವರು ಇಲ್ಲಿನ ಕೆಲವು ವೃತ್ತಗಳನ್ನು ಅಗೆಸಿದರು. ಕಲ್ಲುಗಳ ನಡುವೆ, ನೆಲದೊಳಗೆ, ನಾಲ್ಕು ಚಪ್ಪಡಿಗಳ ಕೋಣೆ ಕಂಡಿತು. ಒಂದೊಂದು ಚಪ್ಪಡಿಯ ತುದಿಯೂ ಪಕ್ಕದ್ದನ್ನು ದಾಟಿ ಸ್ವಸ್ತಿಕದ ಕೈಗಳಂತೆ ನಿಂತಿದೆ. ಸುತ್ತಲ ಮಣ್ಣು ಎಷ್ಟು ಒತ್ತಿದರೂ ಗೋಡೆ ಒಳಕ್ಕೆ ಮಗುಚುವುದಿಲ್ಲ. ಪೂರ್ವದ ಚಪ್ಪಡಿಯಲ್ಲಿ ಒಬ್ಬ ಕಷ್ಟದಿಂದ ನುಸುಳಬಹುದಾದ ದುಂಡು ಕಿಂಡಿ. ಒಳಗೆ ಕಪ್ಪು ಮತ್ತು ಕೆಂಪು ಬಣ್ಣದ ಮಡಕೆಗಳು, ಕಬ್ಬಿಣದ ಆಯುಧಗಳು, ಮನುಷ್ಯರ ಮೂಳೆಗಳು. ಮೂಳೆಗಳು ಇಡೀ ದೇಹದವಲ್ಲ, ಆಯ್ದು ತಂದಿಟ್ಟವು. ಒಂದೇ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರವೂ ಉಂಟು. ಮೊದಲು ಬೇರೆಡೆ ದೇಹವನ್ನು ಬಯಲಿಗಿಟ್ಟು, ಆಮೇಲೆ ಮೂಳೆಗಳನ್ನು ಆರಿಸಿ ಈ ಕಿಂಡಿಯಿಂದ ಒಳಗಿಡುತ್ತಿದ್ದರೆಂದು ವ್ಹೀಲರ್ ಊಹಿಸಿದರು. ಸತ್ತವರಿಗೆಂದು ಕಟ್ಟಿದ, ಬಾಗಿಲಿರುವ ಮನೆ ಎಂದರೆ ತಪ್ಪೇನು?

ಕಾಲದ ಲೆಕ್ಕ ಇನ್ನೊಂದು ಕಥೆ. ಮೇಲಿನ ಪದರದಲ್ಲಿ ಸಿಕ್ಕ ಮಡಕೆಚೂರುಗಳನ್ನು ಪುದುಚೇರಿಯ ಬಳಿಯ ಅರಿಕಮೇಡಿನ ಚೂರುಗಳೊಡನೆ ಹೋಲಿಸಿ, ಈ ಸಮಾಧಿಗಳು ಕ್ರಿ.ಪೂ. 200ರ ಸುಮಾರಿಗೆ ಆರಂಭವಾದವೆಂದು ವ್ಹೀಲರ್ ಬರೆದರು. ಪದರಗಳ ಕ್ರಮವನ್ನು ಅವರು ಚೆನ್ನಾಗಿಯೇ ಓದಿದ್ದರು. ವರ್ಷ ಮಾತ್ರ ಬಹಳ ಈಚಿನದಾಯಿತು. 1965ರಲ್ಲಿ ತುಂಗಭದ್ರೆಯ ದಂಡೆಯ ಹಳ್ಳೂರನ್ನು ಅಗೆದ ಮೇಲೆ, ಅಲ್ಲಿನ ಇದ್ದಿಲಿನ ಪರೀಕ್ಷೆಯಿಂದ ನಮ್ಮ ನಾಡಿನಲ್ಲಿ ಕಬ್ಬಿಣ ಕ್ರಿ.ಪೂ. 1000ದ ಆಸುಪಾಸಿಗೇ ಬಳಕೆಯಲ್ಲಿತ್ತೆಂದು ತಿಳಿಯಿತು. ಅಂದರೆ ಅಶೋಕನ ಲಿಪಿಕಾರ ಇಲ್ಲಿಗೆ ಬರುವ ಹಲವು ಶತಮಾನಗಳ ಮೊದಲೇ ಈ ನಾಡಿನಲ್ಲಿ ಇಂಥ ಸಮಾಧಿಗಳನ್ನು ಕಟ್ಟುವ ಜನರಿದ್ದರು.

ಇದೆಲ್ಲ ತಿಳಿದದ್ದು ಕದಡದ ಮಣ್ಣಿನಿಂದ. ನಿಧಿಯ ಆಸೆಗೆ ಕೋಣೆ ಒಡೆದವನಿಗೆ ಸಿಗುವುದು ಬಹುಮಟ್ಟಿಗೆ ಮಡಕೆ ಮತ್ತು ತುಕ್ಕು. ಅವನು ಹೋದ ಮೇಲೆ ಉಳಿದ ಚೂರು ಯಾವ ಪದರದ್ದೆಂದು ಯಾವ ಪಂಡಿತನೂ ಹೇಳಲಾರ. ಗದ್ದೆಯ ಬದುವಿಗೆಂದು ನಾಲ್ಕು ಗುಂಡು ಎತ್ತಿಕೊಂಡ ರೈತನನ್ನು ನಾನು ಅಷ್ಟಾಗಿ ದೂರುವುದಿಲ್ಲ, ಅವನಿಗೆ ಅದು ಏನೆಂದು ಹೇಳಿದವರಾದರೂ ಯಾರು? ತಾವು ಅಲ್ಲಿಗೆ ಹೋದಾಗ ಊರಿನವರೊಡನೆ ಎರಡು ಮಾತಾಡಿ; ಆ ಕಿಂಡಿಯ ಸಂಗತಿಯನ್ನು ಅವರಿಗೂ ಹೇಳಿ.