ಕೋಟೆಗಿಂತ ಹಳೆಯ ಕಲ್ಲು

ರಾಯಚೂರಿನ ಇತಿಹಾಸ ಹೇಳುವವರು ಕೋಟೆಯಿಂದಲೇ ಶುರು ಮಾಡುತ್ತಾರೆ. 1294ರ ಶಾಸನ ಹೊತ್ತ ನಲವತ್ತಡಿಯ ಬಂಡೆ, ಅದನ್ನು ಬಂಡಿಯ ಮೇಲೆ ಎಳೆತಂದ ಚಿತ್ರ: ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ. ಆದರೆ ಈ ನಾಡಿನ ಕಥೆ ಅದಕ್ಕೂ ಬಹಳ ಹಿಂದೆ, ಬೆಂಕಿಯಲ್ಲಿ ಶುರುವಾಗಿದೆ. ಅದನ್ನು ನೋಡಲೆಂದೇ ನಮ್ಮ ಸಂಘದ ಕೆಲವರು ಒಂದು ದಿನ ಹಟ್ಟಿ–ಮಸ್ಕಿ ಕಡೆ ಹೋಗಿ ನಡೆದಾಡಿ ಬಂದೆವು.

ಹಳೆಯ ಮಾನ್ವಿ ತಾಲೂಕಿನ ಕವಿತಾಳದವರೆಗೂ ಕಣ್ಣಿಗೆ ಬೀಳುವುದು ಬೂದುಬಣ್ಣದ ಗುಂಡುಕಲ್ಲುಗಳೇ. ಆ ಊರಿನ ಹೆಸರನ್ನೇ ಭೂವಿಜ್ಞಾನಿಗಳು ಅಲ್ಲಿನ ಗ್ರಾನೈಟಿಗೆ ಇಟ್ಟಿದ್ದಾರೆ. ಪಶ್ಚಿಮಕ್ಕೆ ಸರಿದಂತೆ ಕಲ್ಲಿನ ಬಣ್ಣ ಬದಲಾಗುತ್ತದೆ. ಕಪ್ಪು, ಒಡೆದ ಕಡೆ ಹಸಿರು ಛಾಯೆ. ಇದು 250 ಕೋಟಿ ವರ್ಷಕ್ಕೂ ಹಿಂದೆ ಹರಿದ ಲಾವಾ. ದೇವದುರ್ಗದ ಬಳಿಯೂ ಇಂಥದೇ ಒಂದು ಪಟ್ಟಿ ಇದೆ.

ಲಾವಾ ಎಂದರೆ ಹೊಗೆಯುಗುಳುವ ಬೆಟ್ಟವನ್ನು ನೆನೆಯಬೇಡಿ. ಇದು ಬಹುಪಾಲು ನೀರಿನಡಿ ಹರಿದದ್ದು. ಬಿಸಿ ರಸ ನೀರಿಗೆ ತಗುಲಿದ ಕೂಡಲೇ ಹೊರಮೈ ಗಟ್ಟಿಯಾಗುತ್ತದೆ; ಒಳಗಿನದು ಆ ಸಿಪ್ಪೆ ಸೀಳಿ ಹೊರಬಂದು ಇನ್ನೊಂದು ಉಂಡೆಯಾಗುತ್ತದೆ. ಒಂದರ ಮೇಲೊಂದು ಕೂತ ಉಂಡೆಗಳು ಗೋದಾಮಿನಲ್ಲಿ ಒಟ್ಟಿದ ಭತ್ತದ ಚೀಲಗಳಂತೆ ಕಾಣುತ್ತವೆ. ಮೇಲ್ಭಾಗ ಗುಮ್ಮಟ, ಕೆಳಭಾಗ ಅಡಿಯ ಉಂಡೆಗಳ ಸಂದಿಗೆ ಇಳಿದಿರುತ್ತದೆ. ಮುಂದೆ ಭೂಮಿ ಹಿಂಡಿದ್ದರಿಂದ ನಮ್ಮಲ್ಲಿನವು ಉದ್ದಕ್ಕೆ ಚಪ್ಪಟೆಯಾಗಿವೆ. ಅಂಥ ಒಂದು ಉಬ್ಬಿನ ಮೇಲೆ ಅಂಗೈ ಇಟ್ಟಾಗ, ಇಲ್ಲಿ ಕಡಲಿತ್ತು ಎಂಬುದು ಕೈಗೇ ತಿಳಿದಂತಾಯಿತು.

ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದರು. "ಬಂಗಾರ ಹುಡುಕಾಕತ್ತೀರೇನ್ರಿ?" ಅವರ ಪ್ರಶ್ನೆಯಲ್ಲಿ ಇಡೀ ಚರಿತ್ರೆ ಇತ್ತು. ಈ ಕಪ್ಪುಕಲ್ಲು ನಲುಗಿದ ಕಡೆ, ಬೆಣಚುಕಲ್ಲಿನ ಎಳೆಗಳ ಜೊತೆ ಬಂಗಾರ ಸೇರಿಕೊಂಡಿದೆ. ಹಟ್ಟಿಯಲ್ಲಿ ಪ್ರಾಚೀನರು ಸುಮಾರು 200 ಮೀಟರ್ ಆಳಕ್ಕೆ ಇಳಿದಿದ್ದರು. ಅಲ್ಲಿ ಸಿಕ್ಕ ಮರದ ತುಂಡುಗಳ ವಯಸ್ಸು ಸುಮಾರು 2000 ವರ್ಷ. 1915ರಲ್ಲಿ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಕಂಡ ಬೀಡನ್ ಕೂಡ ಚಿನ್ನದ ಗಣಿಯ ಎಂಜಿನಿಯರೇ. ದೇವಾನಾಂಪ್ರಿಯ ಎಂಬ ಬಿರುದಿನ ಹಿಂದಿನ ಅರಸನ ಹೆಸರು ಅಶೋಕ ಎಂದು ಗಟ್ಟಿಯಾದದ್ದು ಆ ಬಂಡೆಯಿಂದ. ಅಶೋಕನಿಗೂ ಹಿಂದೆ, ನವಶಿಲಾಯುಗದಲ್ಲಿ, ಕೃಷ್ಣಾ–ತುಂಗಭದ್ರೆಗಳ ನಡುವಿನ ಈ ದೋಆಬದ ಜನ ಇಂಥ ಕರಿಗಲ್ಲನ್ನೇ ಉಜ್ಜಿ ನಯಮಾಡಿ ಕೊಡಲಿ ಮಾಡಿಕೊಂಡಿದ್ದರು. ಭೂವಿಜ್ಞಾನಿ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಇಲ್ಲೆಲ್ಲ ತಿರುಗಾಡಿ, ಕಲ್ಲನ್ನೂ ಕೊಡಲಿಯನ್ನೂ ಒಂದೇ ಶ್ರದ್ಧೆಯಿಂದ ಗುರುತಿಸಿದರು.

ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿರುವ ಇಂಥದೇ ಉಂಡೆಗಳು, ಅಂದರೆ ದಿಂಬು ಲಾವಾ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮ ಕಲ್ಲಿಗೂ ಒಂದು ಫಲಕವಾದರೂ ಬೇಕು ಎಂದು ನಾನು ಮನಸಾರೆ ಕೇಳುತ್ತೇನೆ. ಕಲ್ಲು ಒಡೆದು ಜಲ್ಲಿಯಾದ ಮೇಲೆ ಅದರ ಕಥೆ ಓದಲಾಗದು.

ಹೊತ್ತಿಳಿಯುವಾಗ ದೇವದುರ್ಗದ ಮೇಲೆ ಹಾಯ್ದು ಮರಳಿದೆವು. ಹೊಲದ ಬದುಗಳಲ್ಲಿ ರೈತರು ಆರಿಸಿ ಒಟ್ಟಿದ ಕಲ್ಲುಗಳು ದಾರಿಯುದ್ದಕ್ಕೂ. ಒಂದು ಕಡೆ ಇಳಿದು ನೋಡಿದೆವು. ಅದೇ ಹಸಿರು ಛಾಯೆ.

ಮುಂದಿನ ನಡಿಗೆಗೆ ಬರುವವರು ಟೊಪ್ಪಿಗೆ, ಎರಡು ಲೀಟರ್ ನೀರು, ಬುತ್ತಿ ತನ್ನಿ. ಸುತ್ತಿಗೆ ಬೇಡ.